ಬದುಕಿರುವ ಮಿದುಳನ್ನೇ ಏಕೆ ಅಳೆಯಬೇಕು?

ಪ್ರಶ್ನೆ: ಇಲಿಯ ಮಿದುಳಿನ ಅಂಗಾಂಶವನ್ನು ಹೊರತೆಗೆದು ಪರೀಕ್ಷಿಸಿದರೆ ಹೆಚ್ಚು ರಾಸಾಯನಿಕಗಳನ್ನು ನಿಖರವಾಗಿ ಅಳೆಯಬಹುದು. ಹಾಗಿದ್ದೂ ಜೀವಂತ ಪ್ರಾಣಿಯನ್ನು ಕಾಂತದೊಳಗೆ ಮಲಗಿಸಿ ಸ್ಪೆಕ್ಟ್ರೋಸ್ಕೋಪಿ (ಅಣುಗಳು ಹೊಮ್ಮಿಸುವ ರೇಡಿಯೋ ಸಂಕೇತಗಳಿಂದ ಅವನ್ನು ಗುರುತಿಸಿ ಅಳೆಯುವ ವಿಧಾನ) ಮಾಡುವುದೇಕೆ?
– ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ರಕ್ತ ಹರಿಯುವುದು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಗ್ಲೂಕೋಸ್ ಬರಿದಾಗುತ್ತದೆ, ಶಕ್ತಿಯ ಮೀಸಲಾದ ಫಾಸ್ಫೋಕ್ರಿಯಾಟಿನ್ ಕುಸಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ನೀವು ಅಳೆಯಹೊರಟ ಚಯಾಪಚಯವೇ ಅಷ್ಟರಲ್ಲಿ ಕೈತಪ್ಪಿರುತ್ತದೆ. ಮಿದುಳನ್ನು ತಟ್ಟನೆ ಹೆಪ್ಪುಗಟ್ಟಿಸುವ ವಿಧಾನಗಳಿವೆ, ನಿಜ. ಆದರೆ ಆ ಪ್ರಾಣಿಯನ್ನು ನಾಳೆ ಮತ್ತೆ ನೋಡಲಾಗದು. ಕಾಂತದಲ್ಲಾದರೆ ಅದೇ ಇಲಿಯನ್ನು ಕಾಯಿಲೆಗೆ ಮುಂಚೆಯೂ ಚಿಕಿತ್ಸೆಯ ನಂತರವೂ ನೋಡಬಹುದು. ಪ್ರಯೋಗಕ್ಕೆ ಬೇಕಾಗುವ ಪ್ರಾಣಿಗಳ ಸಂಖ್ಯೆಯೂ ತಗ್ಗುತ್ತದೆ. ಈ ಕೆಲಸದಲ್ಲಿರುವ ನನಗೆ ಅದು ಸಣ್ಣ ಮಾತಲ್ಲ.

ಕಾಂತದೊಳಗೆ ಹೈಡ್ರೋಜನ್ ಪರಮಾಣುವಿನ ಬೀಜವು ತಾನಿರುವ ಅಣುವಿಗೆ ತಕ್ಕಂತೆ ತುಸು ಬೇರೆ ಆವರ್ತನದಲ್ಲಿ ಸ್ಪಂದಿಸುತ್ತದೆ. ಹಾಗಾಗಿ ನಕ್ಷೆಯಲ್ಲಿ ಪ್ರತಿ ರಾಸಾಯನಿಕಕ್ಕೂ ತನ್ನದೇ ಜಾಗದಲ್ಲಿ ಶಿಖರ ಏಳುತ್ತದೆ; ಆ ಜಾಗವನ್ನು ಪಿಪಿಎಂನಲ್ಲಿ, ಅಂದರೆ ಆವರ್ತನದ ವ್ಯತ್ಯಾಸವನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂದು, ಹೇಳುತ್ತೇವೆ. ನರಕೋಶಗಳಲ್ಲಿ ಹೇರಳವಾಗಿರುವ ಎನ್-ಅಸಿಟೈಲ್ ಆಸ್ಪರ್ಟೇಟ್‌ನ ಶಿಖರ 2.01 ಪಿಪಿಎಂನಲ್ಲಿ, ಕ್ರಿಯಾಟಿನ್‌ನದು 3.03ರಲ್ಲಿ, ಲ್ಯಾಕ್ಟೇಟ್‌ನದು 1.3ರ ಆಸುಪಾಸಿನಲ್ಲಿ ಕಾಣುತ್ತದೆ. ಇವೆಲ್ಲಕ್ಕಿಂತ ಸಾವಿರಾರು ಪಟ್ಟು ದೊಡ್ಡದಾದ ನೀರಿನ ಸಂಕೇತವನ್ನು ಮೊದಲು ಅಡಗಿಸಬೇಕು. ಆಸ್ಪತ್ರೆಗಳ 1.5 ಅಥವಾ 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರಗಳಲ್ಲಿ, ನರಕೋಶಗಳು ಸಂಕೇತ ಸಾಗಿಸಲು ಬಳಸುವ ಗ್ಲುಟಮೇಟ್ ಮತ್ತು ಅದನ್ನು ಹೋಲುವ ಗ್ಲುಟಮಿನ್‌ಗಳ ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. ಇಲಿಗಳಿಗೆಂದು ಬಳಸುವ 9.4 ಟೆಸ್ಲಾ ಕಾಂತದಲ್ಲಿ ಅವು ಬಿಡಿಯಾಗಿ ಕಾಣಿಸತೊಡಗುತ್ತವೆ.

ನನ್ನನ್ನು ಹಿಡಿದಿಟ್ಟಿರುವುದು ಕಾರ್ಬನ್-13, ಅಂದರೆ ಕಾಂತದಲ್ಲಿ ಸಂಕೇತ ಕೊಡುವ, ತುಸು ಭಾರವಾದ ಕಾರ್ಬನ್. ನಿಸರ್ಗದ ಕಾರ್ಬನ್‌ನಲ್ಲಿ ಅದರ ಪಾಲು ಶೇ. 1.1 ಮಾತ್ರ. ಮೊದಲನೆಯ ಕಾರ್ಬನ್‌ಗೆ ಈ ಗುರುತು ಹಚ್ಚಿದ ಗ್ಲೂಕೋಸನ್ನು ರಕ್ತನಾಳಕ್ಕೆ ಹರಿಸಿದರೆ, ಗುರುತು ಗ್ಲುಟಮೇಟ್‌ನ ನಾಲ್ಕನೆಯ ಕಾರ್ಬನ್‌ನಲ್ಲಿ ಮೂಡುತ್ತದೆ. ನರಕೋಶ ಬಿಡುಗಡೆ ಮಾಡಿದ ಗ್ಲುಟಮೇಟನ್ನು ನೆರೆಯ ಆಸ್ಟ್ರೋಸೈಟ್ ಎಂಬ ಪೋಷಕ ಕೋಶ ಹೀರಿಕೊಂಡು ಗ್ಲುಟಮಿನ್ ಮಾಡುವುದರಿಂದ ಗುರುತು ಅಲ್ಲಿಗೂ ದಾಟುತ್ತದೆ. ಗ್ಲುಟಮೇಟ್‌ನಲ್ಲಿ ಗುರುತು ಏರುವ ವೇಗದಿಂದ ಕ್ರೆಬ್ಸ್ ಚಕ್ರದ, ಅಂದರೆ ಜೀವಕೋಶ ಆಹಾರವನ್ನು ದಹಿಸಿ ಶಕ್ತಿ ಪಡೆಯುವ ಕ್ರಿಯಾಸರಣಿಯ, ದರವನ್ನೂ ಗ್ಲುಟಮಿನ್‌ನಲ್ಲಿ ಏರುವ ವೇಗದಿಂದ ಗ್ಲುಟಮೇಟ್ ವಿನಿಮಯದ ದರವನ್ನೂ ಲೆಕ್ಕ ಹಾಕುತ್ತೇವೆ. ಯೇಲ್ ವಿಶ್ವವಿದ್ಯಾಲಯದ ತಂಡ 1998ರಲ್ಲಿ ಹೀಗೆಯೇ ಇಲಿಗಳನ್ನು ಅಧ್ಯಯನ ಮಾಡಿ, ಗ್ಲುಟಮೇಟ್ ವಿನಿಮಯ ಹೆಚ್ಚಿದಷ್ಟೂ ನರಕೋಶಗಳ ಗ್ಲೂಕೋಸ್ ದಹನ ಸರಿಸುಮಾರು ಒಂದಕ್ಕೊಂದರ ಅನುಪಾತದಲ್ಲಿ ಹೆಚ್ಚುತ್ತದೆ ಎಂದು ತೋರಿಸಿತು. ಮಿದುಳಿನ ಶಕ್ತಿಯ ಬಹುಪಾಲು ಸಂಕೇತ ಸಾಗಿಸುವುದಕ್ಕೇ ವ್ಯಯವಾಗುತ್ತದೆ ಎಂಬುದಕ್ಕೆ ಇದು ಗಟ್ಟಿಯಾದ ಆಧಾರ. ಸತ್ತ ಅಂಗಾಂಶದ ಒಂದು ತುಣುಕಿನಿಂದ ಈ ವೇಗ ದಕ್ಕುವುದಿಲ್ಲ.

ಒಂದು ಎಚ್ಚರಿಕೆ. ಇಲಿ ಅಲುಗಾಡದಿರಲೆಂದು ಕೊಡುವ ಅರಿವಳಿಕೆಯೇ ಫಲಿತಾಂಶವನ್ನು ಬದಲಿಸುತ್ತದೆ. ಐಸೊಫ್ಲುರೇನ್ ಮಿದುಳಿನ ಲ್ಯಾಕ್ಟೇಟನ್ನು ಏರಿಸುತ್ತದೆ. ಪೆಂಟೊಬಾರ್ಬಿಟಾಲ್ ಗ್ಲೂಕೋಸ್ ದಹನವನ್ನು ತಗ್ಗಿಸುತ್ತದೆ. ಮೈ ತಣ್ಣಗಾದರೂ ಚಯಾಪಚಯ ನಿಧಾನವಾಗುತ್ತದೆ. ಆದ್ದರಿಂದ ಉಸಿರಾಟವನ್ನೂ ಮೈಯ ಉಷ್ಣತೆಯನ್ನೂ ಉದ್ದಕ್ಕೂ ಗಮನಿಸುತ್ತಿರಬೇಕು. ಹೋಲಿಸುವ ಎರಡೂ ಗುಂಪುಗಳಿಗೆ ಅರಿವಳಿಕೆಯ ಪ್ರಮಾಣ ಮತ್ತು ಅವಧಿ ಒಂದೇ ಆಗಿರಬೇಕು. ಸಂಶೋಧನಾ ಲೇಖನ ಓದುವಾಗ ಶಿಖರಗಳ ಚಿತ್ರಕ್ಕೆ ಮುಂಚೆ ನೀವು ಈ ವಿವರಗಳನ್ನೇ ಹುಡುಕಿ.