ತೈಮೂರ್ ಅನ್ನೋ ಹೆಸರಿನ ಅರ್ಥವೇನು? ಅದು ಅರೇಬಿಕ್ ಹೆಸರಾ?

ಅಲ್ಲ. ಇದು ಅಪ್ಪಟ ತುರ್ಕಿಕ್ ಹೆಸರು. ಅರ್ಥ ತುಂಬಾ ಸರಳ: ಕಬ್ಬಿಣ.

ಮಧ್ಯ ಏಷ್ಯಾದ ಹಳೆಯ ರೂಪ 'ತೆಮೂರ್' ಅಥವಾ 'ತೆಮಿರ್'. ಕಝಕ್ ಭಾಷೆಯಲ್ಲಿ ಇವತ್ತಿಗೂ ಕಬ್ಬಿಣಕ್ಕೆ ತೆಮಿರ್ ಅಂತಾರೆ. ಟರ್ಕಿಯಲ್ಲಿ ಮೊದಲಿನ 'ತ' ಮೆತ್ತಗಾಗಿ 'ದೆಮಿರ್' ಆಯಿತು, ಕಮ್ಮಾರನಿಗೆ ಅಲ್ಲಿ 'ದೆಮಿರ್‌ಜಿ' ಅನ್ನುತ್ತಾರೆ. ಅಲ್ಲಿನ ಪ್ರಧಾನಿಯೂ ಅಧ್ಯಕ್ಷರೂ ಆಗಿದ್ದ ಸುಲೇಮಾನ್ ದೆಮಿರೆಲ್ ಅವರ ಮನೆತನದ ಹೆಸರಲ್ಲೂ ಇದೇ ಇದೆ. 'ಎಲ್' ಅಂದರೆ ಕೈ, ಹಾಗಾಗಿ ಕಬ್ಬಿಣದ ಕೈ!

ಮಂಗೋಲರಲ್ಲೂ ಇದೇ ಪದ ಉಂಟು. ಚೆಂಗೀಸ್ ಖಾನನ ಹುಟ್ಟುಹೆಸರು ತೆಮೂಜಿನ್. ಅದಕ್ಕೂ ಕಬ್ಬಿಣಕ್ಕೂ ನಂಟಿದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸಾಮಾನ್ಯವಾಗಿ ಇಂಥ ಹೆಸರಿನ ಹಿಂದೆ ಇರೋದು ಮಗು ಗಟ್ಟಿಯಾಗಿರಲಿ ಅನ್ನೋ ಹಾರೈಕೆ.

ನಮಗೆ ಗೊತ್ತಿರುವ ತೈಮೂರ್ 1398ರಲ್ಲಿ ದೆಹಲಿ ಸೂರೆ ಮಾಡಿದವನು. ಅವನು ಕುಂಟ. ಪರ್ಷಿಯನ್‌ನಲ್ಲಿ ಕುಂಟನಿಗೆ 'ಲಂಗ್' ಅಂತಾರೆ, ಹಾಗಾಗಿ 'ತೈಮೂರ್‌ಲಂಗ್' ಆದ. ಯುರೋಪಿನವರ ಬಾಯಲ್ಲಿ ಅದೇ ಸವೆದು 'ಟ್ಯಾಮರ್ಲೇನ್'. ಕುಂಟ ಅನ್ನೋದು ಸುಮ್ನೆ ಹಗೆಗಳು ಕಟ್ಟಿದ ಕಥೆಯಲ್ಲ. 1941ರಲ್ಲಿ ಸೋವಿಯತ್ ತಜ್ಞರು ಸಮರ್‌ಕಂದ್‌ನಲ್ಲಿ ಅವನ ಗೋರಿ ತೆಗೆದಾಗ ಬಲಗಾಲಿನ ಮೂಳೆಯಲ್ಲಿ ಊನ ಕಂಡಿತ್ತು.