ಹೊಸ ಲ್ಯಾಪ್‌ಟಾಪ್‌ಗೆ ಹಾಕಿದ ಮೇಲೆ ಮಾನಿಟರ್ ಆಗಾಗ ಕಪ್ಪಾಗುವುದೇಕೆ?

ಹಳೇ ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದ 4ಕೆ ಮಾನಿಟರ್, ಹೊಸದಕ್ಕೆ ಹಾಕಿದಾಗ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತಿದೆ ಅಂದಿದ್ದೀರಿ. ಮಾನಿಟರ್ ಹೊತ್ತುಕೊಂಡು ಸರ್ವೀಸ್‌ಗೆ ಹೋಗಬೇಡಿ, ಮೊದಲು ಕೇಬಲ್ ನೋಡಿ.

ಹಳೇದು ಬಹುಶಃ 4ಕೆ ಚಿತ್ರವನ್ನು 30 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಸಲ, ಕಳಿಸುತ್ತಿತ್ತು. ಅದಕ್ಕೆ ಎಚ್‌ಡಿಎಂಐ (ಮಾನಿಟರ್‌ಗೆ ಚಿತ್ರ, ಧ್ವನಿ ಸಾಗಿಸುವ ಸಂಪರ್ಕ) 1.4ನೇ ಆವೃತ್ತಿಯ ಸೆಕೆಂಡಿಗೆ 10.2 ಗಿಗಾಬಿಟ್ ಸಾಕು. ಹೊಸದು ಸುಮ್ನೆ 60 ಹರ್ಟ್ಜ್‌ಗೆ ಹೋಗಿಬಿಡುತ್ತದೆ. ಅದಕ್ಕೆ ಎಚ್‌ಡಿಎಂಐ 2.0 ಬೇಕು, ಅಂದರೆ 18 ಗಿಗಾಬಿಟ್‌ವರೆಗಿನ ದಾರಿ. ಕೇಬಲ್ ತಾಳದಿದ್ದರೆ ಸಿಗ್ನಲ್ ಕಡಿಯುತ್ತದೆ, ಮಾನಿಟರ್ ಮತ್ತೆ ಹುಡುಕಿ ಹಿಡಿಯುತ್ತದೆ. ಆ ಕತ್ತಲೆ ಅದೇ. ನಾನೂ ಸೆಟ್‌ಟಾಪ್ ಬಾಕ್ಸ್ ಜೊತೆ ಬಂದ ಕೇಬಲ್ ಚುಚ್ಚಿ, ಒಂದು ವಾರ ಗ್ರಾಫಿಕ್ಸ್ ಡ್ರೈವರ್‌ಗೆ (ಪರದೆಯ ಚಿತ್ರ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ) ಬೈದಿದ್ದೆ!

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಲ್ಲಿಂದ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 30 ಹರ್ಟ್ಜ್ ಮಾಡಿ. ಅರ್ಧ ಗಂಟೆ ಕಪ್ಪಾಗದಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ‘ಪ್ರೀಮಿಯಂ ಹೈ ಸ್ಪೀಡ್’ ಲೇಬಲ್ ಇರುವ, ಎರಡು ಮೀಟರ್‌ಗಿಂತ ಜಾಸ್ತಿ ಉದ್ದವಿಲ್ಲದ ಕೇಬಲ್ ತನ್ನಿ. ನಡುವೆ ಯುಎಸ್‌ಬಿ-ಸಿ ಅಡಾಪ್ಟರ್ ಇದ್ದರೆ ಅದನ್ನೂ ಅನುಮಾನಿಸಿ. ಅಗ್ಗದವು ಎಷ್ಟೋ 30 ಹರ್ಟ್ಜ್‌ಗೇ ನಿಲ್ಲುತ್ತವೆ.

ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲೂ ಗೆರೆ, ಚುಕ್ಕೆ ಕಂಡರೆ ಮಾತ್ರ ಕಥೆ ಬೇರೆ. ಆಗ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ರೀಸೆಟ್ ಆಗುತ್ತದೆ.

ಅಂದಹಾಗೆ, ಕುರ್ಚಿಯಿಂದ ಏಳುವಾಗ ಮಾತ್ರ ಕಪ್ಪಾಗುತ್ತದೆಯೇ? ನಗಬೇಡಿ, ಗ್ಯಾಸ್ ಲಿಫ್ಟ್ ಕುರ್ಚಿಯ (ಎತ್ತರ ಏರಿಸಿ ಇಳಿಸುವ ಆಫೀಸ್ ಕುರ್ಚಿಯ) ಸ್ಥಿರ ವಿದ್ಯುತ್ತಿನ ಕಿಡಿಯೂ ಕಳಪೆ ಕೇಬಲ್‌ನ ಸಿಗ್ನಲ್ ಕೆಡಿಸುತ್ತದೆ.