ಸಂಬಳದ ಬದಲು ಪ್ರಶಸ್ತಿ ಕೊಡಬಹುದಾ?

ಪ್ರಶ್ನೆ: ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಸಂಬಳದಿಂದ ತೃಪ್ತಿ ಬರುವುದಿಲ್ಲ, ಮೆಚ್ಚುಗೆಯಿಂದ ಬರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಹೇಳಿದ್ದಾರೆ. ಹಾಗಾದರೆ ‘ತಿಂಗಳ ಉತ್ತಮ ನರ್ಸ್’ ಪ್ರಶಸ್ತಿ ಶುರು ಮಾಡಿದರೆ ಸಾಕಲ್ಲವೇ?

ಉತ್ತರ: ಸಾಕಾಗುವುದಿಲ್ಲ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಕಳಿಸುವವರು ಯಾವಾಗಲೂ ಆಡಳಿತದ ಕಡೆಯವರೇ. ವಾರ್ಡಿನಲ್ಲಿ ಡ್ಯೂಟಿ ಮಾಡುವ ಒಬ್ಬ ನರ್ಸೂ ಇದನ್ನು ಕೇಳಿಲ್ಲ.

ಹರ್ಜ್‌ಬರ್ಗ್ ಅವರನ್ನು ಅರ್ಧ ಓದಿದರೆ ಹೀಗಾಗುತ್ತದೆ. ಅವರ ಪ್ರಕಾರ ಅತೃಪ್ತಿ ಹೋದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ. ಸಂಬಳ, ಡ್ಯೂಟಿ ಪಟ್ಟಿ, ಮೇಲಿನವರ ನಡವಳಿಕೆ ಸರಿಯಿಲ್ಲದಿದ್ದರೆ ಅತೃಪ್ತಿ. ಸಾಧನೆ, ಮೆಚ್ಚುಗೆ, ಜವಾಬ್ದಾರಿ ಸಿಕ್ಕರೆ ತೃಪ್ತಿ. ಮೊದಲ ಗುಂಪಿಗೆ ಅವರು ಇಟ್ಟ ಹೆಸರು ‘ಹೈಜೀನ್’, ಅಂದರೆ ಶುಚಿತ್ವ. ಇದನ್ನು ನರ್ಸಿಂಗ್‌ನವರಿಗೆ ನಾನು ಬಿಡಿಸಿ ಹೇಳಬೇಕಾ? ಕೈ ತೊಳೆದರೆ ರೋಗ ವಾಸಿಯಾಗುವುದಿಲ್ಲ, ನಿಜ. ಹಾಗಂತ ಕೈ ತೊಳೆಯದೆ ಗಾಯ ಮುಟ್ಟುತ್ತೀರಾ?

ಅಲ್ಲದೆ, 1959ರಲ್ಲಿ ಪ್ರಕಟವಾದ ಹರ್ಜ್‌ಬರ್ಗ್ ಅವರ ಅಧ್ಯಯನಕ್ಕೆ ಮಾತಾಡಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು. ಕೆಲಸದಲ್ಲಿ ತುಂಬ ಖುಷಿಯಾದ, ತುಂಬ ಬೇಸರವಾದ ಸಂದರ್ಭ ಹೇಳಿ ಎಂದಿದ್ದರು. ಹೀಗೆ ಕೇಳಿದರೆ ಒಳ್ಳೆಯದಾದದ್ದು ನನ್ನಿಂದ, ಕೆಟ್ಟದ್ದಾದದ್ದು ಅವರಿಂದ ಅಂತ ಯಾರಾದರೂ ಹೇಳುತ್ತಾರೆ. ಸಹೋದ್ಯೋಗಿಗಳೂ ಹೈಜೀನ್ ಪಟ್ಟಿಗೇ ಹೋದರು. ನೈಟ್ ಡ್ಯೂಟಿಯಲ್ಲಿ ರೋಗಿಯ ಸ್ಥಿತಿ ಕೆಟ್ಟಾಗ ಪಕ್ಕದ ವಾರ್ಡಿನಿಂದ ಓಡಿ ಬರುವ ಸಿಸ್ಟರ್ ಯಾವ ಪಟ್ಟಿಗೆ? ನನ್ನ ಅನುಭವದಲ್ಲಿ ಎರಡಕ್ಕೂ.

ನರ್ಸ್‌ಗಳದ್ದೇ ಲೆಕ್ಕ ಬೇಕಾ? ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ತಂಡ 2002ರಲ್ಲಿ ಪ್ರಕಟಿಸಿದ, ಅಮೆರಿಕದ ಪೆನ್ಸಿಲ್ವೇನಿಯಾದ ಅಧ್ಯಯನ ನೋಡಿ. 168 ಆಸ್ಪತ್ರೆ, 10 ಸಾವಿರಕ್ಕೂ ಜಾಸ್ತಿ ನರ್ಸ್‌ಗಳು. ಒಬ್ಬ ನರ್ಸ್ ಪಾಲಿಗೆ ಇನ್ನೊಬ್ಬ ರೋಗಿ ಸೇರಿದರೆ ಕೆಲಸದಲ್ಲಿ ಅತೃಪ್ತಿಯ ಸಂಭವ ಶೇ 15ರಷ್ಟು, ಬರ್ನ್‌ಔಟ್ (ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದು) ಸಂಭವ ಶೇ 23ರಷ್ಟು ಜಾಸ್ತಿ. ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಜಾಸ್ತಿ. ಒಂದರ ಜೊತೆ ಇನ್ನೊಂದು ಹೆಚ್ಚಿತು ಅಂತಷ್ಟೇ ಇದರಿಂದ ಗೊತ್ತಾಗುವುದು, ಇದೇ ಕಾರಣ ಅಂತ ಸಾಬೀತಾಗುವುದಿಲ್ಲ. ಆದರೂ ನನ್ನ ಕೈಯಲ್ಲಿ ದುಡ್ಡಿದ್ದರೆ ಮೊದಲು ಖಾಲಿ ಹುದ್ದೆ ತುಂಬುತ್ತೇನೆ. ಆಮೇಲೆ ಡ್ಯೂಟಿ ಪಟ್ಟಿ ಹಾಕುವಾಗ ನರ್ಸ್‌ಗಳನ್ನೂ ಕೂರಿಸಿಕೊಳ್ಳುತ್ತೇನೆ. ಪ್ರಶಸ್ತಿ ಇನ್ನೊಂದು ವರ್ಷ ಕಾಯಲಿ.

ಪ್ರಶ್ನೆ: ಸೇವಾ ಮನೋಭಾವ ಇದ್ದರೆ ತೃಪ್ತಿ ತಾನಾಗಿ ಬರುತ್ತದಲ್ಲವೇ?

ಉತ್ತರ: ಇದನ್ನು ಸಂಬಳದ ದಿನ ನಿಮ್ಮ ಡಾಕ್ಟರ್‌ಗಳಿಗೂ ಕೇಳಿ ನೋಡಿ.

ಪ್ರಶ್ನೆ: ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಮಾಸ್ಲೊ ಪಿರಮಿಡ್‌ನಲ್ಲಿ ನರ್ಸ್ ಯಾವ ಮೆಟ್ಟಿಲಲ್ಲಿದ್ದಾರೆ?

ಉತ್ತರ: ಮಾಸ್ಲೊ ಅವರ 1943ರ ಲೇಖನದಲ್ಲಿ ಪಿರಮಿಡ್ಡೇ ಇಲ್ಲ.

ಪ್ರಶ್ನೆ: ಒಂದು ದಿನದ ಮೋಟಿವೇಶನ್ ತರಬೇತಿ ಇಡಿಸಿದರೆ ಹೇಗೆ?

ಉತ್ತರ: ವಾರದ ರಜೆಯ ದಿನ ನರ್ಸ್‌ಗಳನ್ನು ಕರೆಸಿ, ಸುಮ್ನೆ ಚಪ್ಪಾಳೆ ಹೊಡೆಸಿ, ‘ಪಾಸಿಟಿವ್ ಆಗಿರಿ’ ಎಂದು ಬುದ್ಧಿ ಹೇಳುವ ಭಾಷಣಕಾರರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಅವರಲ್ಲಿ ಎಷ್ಟು ಜನ ಒಂದು ನೈಟ್ ಡ್ಯೂಟಿಯನ್ನಾದರೂ ಪಕ್ಕದಲ್ಲಿ ನಿಂತು ನೋಡಿದ್ದಾರೆ? ಆ ರಜೆಯನ್ನು ನರ್ಸ್‌ಗಳಿಗೇ ಬಿಟ್ಟುಬಿಡಿ, ಮಲಗಲಿ.